ಕಾಶೆವ್ವನ ಹಿತ್ತಲಿನ ಬಿಳಿ ಕಣಗಿಲೆಯವರ ಮೇಲೊಂದು ದೂರು

ಮಾನ್ಯ ಬಿಳಿ ಕಣಗಿಲೆಯವರ ಸನ್ನಿಧಾನಕ್ಕೆ,
ಮುಕ್ಕಾಂ: ಕಾಶೆವ್ವನ ಹಿತ್ತಲು, ಬಚ್ಚಲ ನೀರು ಹರಿಯುವ ದಂಡೆ, ತುಕ್ಕಾನಟ್ಟಿ.

ಮಾನ್ಯರೇ,

ಗೋಡೆಯ ಈಚೆ ಮಗ್ಗುಲಿನ ಮನೆಯ ಮುರಿಗೆಪ್ಪ ಎರಡೂ ಕೈ ಜೋಡಿಸಿ ಮಾಡುವ ಶರಣು ಶರಣಾರ್ಥಿಗಳು. ಇತ್ತ ನಾನು ಇದ್ದೇನೆ. ಅತ್ತ ತಮ್ಮ ಕ್ಷೇಮಸಮಾಚಾರ ಕೇಳುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಮುಂಜಾನೆ ಹಲ್ಲುಜ್ಜಲು ಹಿತ್ತಲಿಗೆ ಬಂದ ಕೂಡಲೇ ಗೋಡೆಯ ಮೇಲಿಂದ ತಮ್ಮ ಕ್ಷೇಮವೇ ನನ್ನ ಕಣ್ಣಿಗೆ ಬೀಳುತ್ತದೆ. ನಿನ್ನೆ ಎಣಿಸಿದೆ, ನಲವತ್ತೊಂದು ಹೂವು ಬಿಟ್ಟಿದ್ದಿರಿ. ಅದೇ ನನ್ನ ದೂರು.

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಇಪ್ಪತ್ತು ವರ್ಷಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನಾದರೂ ಅದರಲ್ಲಿ ಕಾಲುವೆಗೆ ನೀರು ಬಿಟ್ಟ ದಿನ, ಕಬ್ಬು ಕಡಿದ ದಿನ, ಆಕಳು ಈದ ದಿನ ಬಿಟ್ಟರೆ ಬೇರೇನೂ ಇಲ್ಲ. ಯಾರ ಮೇಲೂ ದೂರು ಬರೆದು ರೂಢಿಯಿಲ್ಲ. ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಬೇಕು.

ಮೊದಲು ತಮ್ಮ ಮನೆತನದ ಬಗ್ಗೆ ಎರಡು ಮಾತು ಹೇಳಲೇಬೇಕು. ತಾವು ಯಮಕನಮರಡಿಯ ಹೆದ್ದಾರಿಯ ನಡುವಿನ ಸಾಲಿನಲ್ಲಿ ಹುಟ್ಟಿದವರು. ತಿಂಗಳಿಗೊಮ್ಮೆ ಟ್ಯಾಂಕರಿನ ನೀರು ಬಂದರೆ ಬಂತು, ಇಲ್ಲದಿದ್ದರೆ ಎರಡೂ ಕಡೆಯ ಲಾರಿಗಳ ಹೊಗೆಯನ್ನೇ ಕುಡಿದು ಬೆಳೆದವರು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿ ತೋರಿಸಿದವರು. ನನ್ನ ಹೆಂಡತಿ ದಾಕ್ಷಾಯಿಣಿಯ ಅಕ್ಕನ ಮನೆ ಅದೇ ಊರಿನಲ್ಲಿದೆ. ಹತ್ತು ವರ್ಷಗಳ ಹಿಂದೆ ಅಲ್ಲಿಂದ ವಾಪಸು ಬರಲು ರಸ್ತೆ ದಾಟುವಾಗ, ಕಣ್ಣು ಹಾಯುವವರೆಗೂ ಇದ್ದ ಗುಲಾಬಿ ಬಣ್ಣದ ಕಣಗಿಲೆಗಳ ಸಾಲಿನಲ್ಲಿ ತಾವೊಬ್ಬರೇ ಬೆಳ್ಳಗೆ ನಿಂತಿದ್ದಿರಿ. ಚಪ್ಪಲಿಯ ಉಂಗುಟ ಕಿತ್ತಿತೆಂದು ಅವಳು ಬಗ್ಗಿದಳು. ಎದ್ದಾಗ ಉಂಗುಟ ನೆಟ್ಟಗಿತ್ತು, ಸೆರಗಿನೊಳಗೆ ಗೇಣುದ್ದದ ಕಡ್ಡಿಯಿತ್ತು. "ಏ, ಸರಕಾರದ ಗಿಡಾ ಅದು!" ಎಂದು ನಾನು ಗಾಬರಿಯಾದೆ. "ಕೇಳಿ ತಂದದ್ದು ಹತ್ತೂದಿಲ್ರಿ, ಕದ್ದು ತಂದದ್ದ ಹತ್ತತೈತಿ. ಸರಕಾರಕ್ಕ ಕೇಳ್ಕೋತ ಕುಂತ್ರ ನಮ್ಮ ಮಮ್ಮಕ್ಕಳ ಕಾಲಕ್ಕ ಮಂಜೂರ ಆಕ್ಕೈತಿ, ನಡೀರಿ ಸುಮ್ಮ" ಎಂದು ಅವಳು ನನಗಿಂತ ಮುಂದೆ ನಡೆದಳು.

ಕೇಳಿ ತಂದ ಕಡ್ಡಿ ಬೇರು ಬಿಡುವುದಿಲ್ಲ, ಕದ್ದದ್ದೇ ಬಿಡುತ್ತದೆ ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ನಂಬಿದ ಮಾತು. ಆದರೆ ಕದಿಯುವುದಕ್ಕೂ ಒಂದು ರೀತಿಯಿದೆ. ಕದಿಯುವವರು ಬೇರೆ ಯಾವುದೋ ಗಿಡವನ್ನು ಬಾಯಿ ತುಂಬ ಹೊಗಳುತ್ತ ಬೇಕಾದ ಗಿಡಕ್ಕೆ ಕೈ ಹಾಕಬೇಕು, ಮನೆಯವರು ಅದೇ ಹೊತ್ತಿಗೆ ಏನೋ ನೆನಪಾದವರಂತೆ ಬೆನ್ನು ತಿರುಗಿಸಬೇಕು. ದಾಕ್ಷಾಯಿಣಿ ಎರಡನ್ನೂ ಚಾಚೂ ತಪ್ಪದೆ ಪಾಲಿಸಿದವಳು. ನಮ್ಮ ಹಿತ್ತಲಿನ ನಂದಿಬಟ್ಟಲು ಹುಕ್ಕೇರಿಯದು, ಕೆಂಪು ದಾಸವಾಳ ಬೆಲ್ಲದ ಬಾಗೇವಾಡಿಯ ಬೀಗರದು. ಕೊಂಡದ್ದು, ಕೇಳಿದ್ದು ಒಂದೂ ಇರಲಿಲ್ಲ. ಗಿಡ ಆರಿಸುವುದರಲ್ಲಿಯೂ ಅವಳದೊಂದು ಕ್ರಮವಿತ್ತು. ಕೀಲಿ ಹಾಕಿದ ಮನೆಯ ಮುಂದೆ, ಪಾಳುಬಿದ್ದ ಗುಡಿಯ ಹಿಂದೆ, ಯಾರೂ ಒಂದು ತಂಬಿಗೆ ನೀರು ಹಾಕದ ಜಾಗದಲ್ಲಿ ಯಾವುದು ಹೂ ಬಿಟ್ಟಿದೆಯೋ ಅದರ ಕಡ್ಡಿಯನ್ನೇ ಮುರಿಯುತ್ತಿದ್ದಳು. "ಯಾರೂ ನೋಡದಿದ್ರೂ ಅರಳೂದು ಖರೇ ಗಿಡಾ" ಎನ್ನುತ್ತಿದ್ದಳು. ದಿನಾ ಮುಂಜಾನೆ ನನ್ನ ಲಿಂಗಪೂಜೆಗೆ ತಮ್ಮ ಒಂದು ಹೂವನ್ನು ತಟ್ಟೆಯ ಬಲಗಡೆ ಇಟ್ಟಿರುತ್ತಿದ್ದಳು. ಅದು ಎಲ್ಲಿಂದ ಬರುತ್ತದೆ ಎಂದು ನಾನು ಒಂದು ದಿನವೂ ಹಿತ್ತಲಿಗೆ ಹೋಗಿ ನೋಡಿದವನಲ್ಲ.

ಆರು ವರ್ಷಗಳ ಹಿಂದೆ ಕಾಶೆವ್ವ ನಮ್ಮ ಹಿತ್ತಲಿಗೆ ಬಂದು, ನಂದಿಬಟ್ಟಲನ್ನು ಹೊಗಳುತ್ತ ತಮ್ಮ ಮೈಮೇಲಿನ ಕಡ್ಡಿಯೊಂದನ್ನು ಮುರಿದಾಗ ದಾಕ್ಷಾಯಿಣಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದವಳು ಮೊರದೊಂದಿಗೆ ಆ ಕಡೆ ತಿರುಗಿ ಕುಳಿತಳು. ತಾವು ಈಗಿರುವ ವಿಳಾಸಕ್ಕೆ ಬಂದದ್ದು ಹಾಗೆ.

ಕಳೆದ ಕಾರ್ತಿಕದಲ್ಲಿ ಗೋಕಾಕದ ಆಸ್ಪತ್ರೆಯಿಂದ ಅವಳನ್ನು ಗಾಡಿಯಲ್ಲಿ ಮನೆಗೆ ಕರೆತರುತ್ತಿದ್ದೆ. ರಸ್ತೆಯ ಬಾಜೂ ಹೊಲದಲ್ಲಿ ಚೆಂಡುಹೂವು ತುಂಬಿಕೊಂಡಿತ್ತು. ಅದನ್ನು ನೋಡಿ ಹೇಳಿದಳು: "ನನ್ನ ಸಮಾಧಿ ಮ್ಯಾಲ ಚೆಂಡಹೂವು ಹಚ್ಚಬ್ಯಾಡ್ರಿ. ಅದು ಮೂರ ತಿಂಗಳದ ಆಟ. ಮನೀ ಕಣಗಲ ಹಚ್ರಿ. ನಿಮ್ಮ ಕೈಯಾಗೂ ಅದು ಸಾಯೂದಿಲ್ಲ." ಹೀಗೆ ಹೇಳಿ ನಕ್ಕಳು. ಒಂಬತ್ತನೆಯ ದಿನ ಹೋದಳು. ನಮ್ಮ ಹೊಲದ ಮೂಡಣ ಮೂಲೆಯಲ್ಲಿ, ಸ್ವಲ್ಪ ಎತ್ತರದ ಜಾಗದಲ್ಲಿ ಇದ್ದಾಳೆ.

ಮಾನ್ಯರೇ, ಇನ್ನು ಮುಂದಿನದು ತಮ್ಮ ನಡತೆಗೆ ಸಂಬಂಧಿಸಿದ್ದು. ಕಡ್ಡಿ ಹಚ್ಚಲು ಮಳೆಗಾಲ ಬೇಕು, ಅಲ್ಲಿಯವರೆಗೆ ಗಿಡವನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂದು ನಾನು ನಿರ್ಧರಿಸಿದೆ. ನಾನು ಕಬ್ಬಿನವನು. ನಮ್ಮಲ್ಲಿ ಪ್ರೀತಿ ಎಂದರೆ ನೀರು, ಹೆಚ್ಚು ಪ್ರೀತಿ ಎಂದರೆ ಯೂರಿಯಾ. ಕಬ್ಬಿಗೆ ಕಟ್ಟುವಂತೆ ನಮ್ಮ ಹಿತ್ತಲಿನಲ್ಲಿದ್ದ ತಮ್ಮ ಸುತ್ತ ಒಡ್ಡು ಕಟ್ಟಿದೆ, ಮುಂಜಾನೆ ಎರಡು ಕೊಡ, ಸಂಜೆ ಎರಡು ಕೊಡ ನಿಲ್ಲಿಸಿದೆ, ಪ್ರತಿ ಸೋಮವಾರ ಒಂದು ಬೊಗಸೆ ಯೂರಿಯಾ ಉಣಿಸಿದೆ. ಎಲೆ ಹಳದಿಯಾದಾಗ ಉಪವಾಸ ಬಿದ್ದಿದ್ದೀರಿ ಎಂದು ತಿಳಿದು ಎರಡು ಬೊಗಸೆ ಹಾಕಿದೆ. ಎರೆಮಣ್ಣು ನೀರು ಬಿಟ್ಟುಕೊಡಲಿಲ್ಲ, ನಾನೂ ಬಿಡಲಿಲ್ಲ. ಕಾಶೆವ್ವ ಗೋಡೆಯ ಮೇಲಿಂದ ಕೂಗಿಕೊಂಡಳು: "ಅದು ಕಬ್ಬಲ್ರಿ ಮುರಿಗೆಪ್ಪಣ್ಣಾ, ಹೂವಿನ ಗಿಡಾ! ಉಸಿರರ ಆಡಾಕ ಬಿಡ್ರಿ ಅದಕ್ಕ!" ನಾನು ಇನ್ನೆರಡು ಕೊಡ ಹೊತ್ತು ತಂದೆ. ದಿನಚರಿಯಲ್ಲಿ 'ಇಂದು ಆರು ಕೊಡ' ಎಂದು ಬರೆದೆ. ಸುಮ್ಮನೆ ಕುಳಿತರೆ ಮನೆ ಬಹಳ ದೊಡ್ಡದಾಗುತ್ತಿತ್ತು. ಕೊಡ ಹೊರುತ್ತಿದ್ದರೆ ಅಷ್ಟು ಗೊತ್ತಾಗುತ್ತಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ತಾವು ಬುಡಸಮೇತ ಕೊಳೆತಿರಿ. ಲಾರಿಯ ಹೊಗೆಗೆ ಸಾಯದವರು, ಬೇಸಿಗೆಗೆ ಬಗ್ಗದವರು, ನಾಲ್ಕು ತಿಂಗಳ ನನ್ನ ಸೇವೆಯನ್ನು ತಾಳಲಿಲ್ಲ ಎಂದರೆ ತಮ್ಮಂಥ ಮನೆತನಸ್ಥರಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ.

ಆಮೇಲೆ ನಾನು ಗೋಕಾಕದ ಒಂದು ನರ್ಸರಿಗೆ ಹೋದೆ, ಹುಕ್ಕೇರಿಯ ಒಂದಕ್ಕೂ ಹೋದೆ. ವರ್ಷಾನುಗಟ್ಟಲೆ ಬಾಳುವ, ಬೇಸಿಗೆ ತಡೆಯುವ, ನನ್ನ ಕೈಯನ್ನೂ ತಡೆಯುವ ಹೂಗಿಡ ಬೇಕು ಎಂದೆ. ಹುಕ್ಕೇರಿಯವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಗಿಡಕ್ಕ ಗ್ಯಾರಂಟಿ ಕೊಡತೇನ್ರಿ ಯಜಮಾನ್ರ, ಕೈಗೆ ಹ್ಯಾಂಗ ಕೊಡ್ಲಿ?" ಎಂದ. ಅವನು ಕೊಟ್ಟ ಕಾಗದದ ಹೂವಿನ ಬಳ್ಳಿ ಮಾತ್ರ ಇನ್ನೂ ಜೀವ ಹಿಡಿದುಕೊಂಡಿದೆ, ಅದೂ ನಾನು ಅದನ್ನು ಮರೆತು ಮನೆಯ ಹಿಂದೆ ಇಟ್ಟದ್ದರಿಂದ. ಚೆಲುವಾದ ಗಿಡಗಳು ಅವನ ಹತ್ತಿರ ಬಹಳ ಇದ್ದವು. ಯಾವುದನ್ನೂ ದಾಕ್ಷಾಯಿಣಿ ಕದ್ದಿರಲಿಲ್ಲ.

ಇತ್ತ ತಾವು ನೋಡಿದರೆ ಕಾಶೆವ್ವನ ಮುಸುರೆ ನೀರು ಕುಡಿದು, ನಡುವಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಸಿಕೊಂಡು, ಬುಡಕ್ಕೆ ಒಲೆಯ ಬೂದಿ ಸುರಿಸಿಕೊಂಡು, ಒಬ್ಬರೂ ಒಮ್ಮೆಯೂ ಚೆನ್ನಾಗಿದ್ದೀರಾ ಎಂದು ಕೇಳದಿದ್ದರೂ ನಲವತ್ತೊಂದು ಹೂವು ಬಿಟ್ಟು ನಿಂತಿದ್ದೀರಿ. ಈ ಅಚಲ ನಿಷ್ಠೆಗೆ ತಮ್ಮನ್ನು ಅಭಿನಂದಿಸದೆ ಇರಲಾರೆ. ಆದರೂ ನನ್ನ ಕೆಲವು ಬೇಡಿಕೆಗಳನ್ನು ಪರಿಶೀಲಿಸಬೇಕೆಂದು ವಿನಂತಿ. ಸಾಧ್ಯವಿದ್ದರೆ ಇನ್ನು ಮುಂದೆ ನಾನು ಹಿತ್ತಲಿಗೆ ಬರುವ ಹೊತ್ತಿನಲ್ಲಿ ಹೂಗಳನ್ನು ಆ ಕಡೆಗೆ ತಿರುಗಿಸಿ ಅರಳಬೇಕು. ಅದು ಆಗದಿದ್ದರೆ ಗೋಡೆಯ ತಳದಿಂದ ಒಂದು ಬೇರನ್ನು ಈಚೆ ಕಳಿಸಿ, ನಾನು ನೋಡದಿರುವಾಗ, ನನಗೆ ಗೊತ್ತಾಗದಂತೆ, ನಮ್ಮ ಹೊಲದ ಮೂಡಣ ಮೂಲೆಯವರೆಗೆ ಒಯ್ಯಬೇಕು. ದೂರ ಒಂದೂವರೆ ಮೈಲು ಮಾತ್ರ. ತಮ್ಮ ಶಕ್ತಿಗೆ ಅದು ಏನೂ ಅಲ್ಲ. ಕಾರ್ತಿಕಕ್ಕೆ ವರ್ಷ ತುಂಬುತ್ತದೆ, ಅಷ್ಟರೊಳಗೆ ಬೇರು ಹಿಡಿದಿದ್ದರೆ ಸಾಕು.

ಕಾಶೆವ್ವನನ್ನೇ ಒಂದು ಕಡ್ಡಿ ಕೇಳಬಾರದೇ ಎಂದು ತಾವು ಅನ್ನಬಹುದು. ಕೇಳಿದರೆ ಹತ್ತು ಕೊಡುವ ಹೆಂಗಸು, ಅದೇ ತೊಂದರೆ. ಕೇಳಿ ತಂದದ್ದು ಹತ್ತುವುದಿಲ್ಲ, ಇದು ಹತ್ತಲೇಬೇಕು. ದಾಕ್ಷಾಯಿಣಿಯ ಆ ನಂಬಿಕೆ ಸುಳ್ಳಿದ್ದರೂ ಇರಬಹುದು, ಅದನ್ನು ಅವಳ ಸಮಾಧಿಯ ಮೇಲೆಯೇ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ. ಹಾಗೆಂದು ಕದಿಯಲೂ ಹೋದೆ, ಹಾಡಹಗಲಲ್ಲೇ, ಮೂರು ಸಲ. ಮೂರೂ ಸಲ ನಾನು ಕೈ ಚಾಚುವಷ್ಟರಲ್ಲಿ ಕಾಶೆವ್ವ ಹೊರಗೆ ಬಂದು, "ಏನ ಬೇಕಾಗಿತ್ರಿ ಅಣ್ಣಾ?" ಎಂದು ಪ್ರೀತಿಯಿಂದ ಕೇಳಿದಳು. ಮೂರೂ ಸಲ ನನ್ನ ಬಾಯಿಗೆ ಬಂದದ್ದು "ಉಪ್ಪು" ಎಂಬ ಒಂದೇ ಮಾತು. ಮೂರನೆಯ ಸಲ ಅವಳು, "ಇಷ್ಟ ಉಪ್ಪ ತಿನಬ್ಯಾಡ್ರಿ, ಬೀಪಿ ಏರತೈತಿ" ಎಂದು ಬುದ್ಧಿ ಹೇಳಿಯೇ ಕೊಟ್ಟಳು. ಈಗ ನಮ್ಮ ಅಡುಗೆಮನೆಯಲ್ಲಿ ಒಂದು ಗಡಿಗೆ ತುಂಬ ಕಾಶೆವ್ವನ ಉಪ್ಪಿದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ಚಿಕ್ಕಂದಿನಲ್ಲಿ ಕಲಿತವನಿಗೆ ಇದು ಎಂಥ ಪೇಚು ಎಂದು ತಾವೇ ಯೋಚಿಸಬೇಕು.

ಆದ್ದರಿಂದ ಈ ಪತ್ರ. ಇದರಲ್ಲಿ ನಾನು ಯಾರಿಗೂ ಏನನ್ನೂ ಕೇಳಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಒಂದು ಗಿಡದ ಮೇಲೆ ದೂರು ಬರೆದು, ಅದು ಓದಲೆಂದು, ಅದಕ್ಕೆ ಎದುರಾಗಿ ಗೋಡೆಗೆ ಅಂಟಿಸಿದ್ದೇನೆ, ಅಷ್ಟೆ. ಕಾಶೆವ್ವನಿಗೆ ಓದಲು ಬರುವುದಿಲ್ಲ. ಅವಳ ಸೊಸೆ ರಾಧಿಕಾ ಗೋಡೆಯ ಮೇಲೆ ಏನು ಕಂಡರೂ ಗಟ್ಟಿಯಾಗಿ ಓದುವವಳು ಎಂಬುದು ನನಗೆ ಗೊತ್ತಿಲ್ಲ ಎಂದೇ ತಿಳಿಯಬೇಕು. ಶ್ರಾವಣದ ಮೊದಲ ಸೋಮವಾರ, ಹಾಲು ಹಿಂಡಿದ ಮೇಲೆ, ನಾನು ಆ ಕಡೆ ಬಂದು ಕಾಶೆವ್ವನ ನುಗ್ಗೆಗಿಡವನ್ನು ಬಾಯಿ ತುಂಬ ಹೊಗಳುವವನಿದ್ದೇನೆ. ಆಗ ಆ ಮನೆಯಲ್ಲಿ ಯಾರಿಗಾದರೂ ಏನಾದರೂ ನೆನಪಾಗಿ ಬೆನ್ನು ತಿರುಗಿಸಿದರೆ ಅದು ಅವರವರ ನೆನಪಿಗೆ ಬಿಟ್ಟದ್ದು.

ತಾವು ಎರಡನೆಯ ಸಲ ನನ್ನ ಕೈಗೆ ಸಿಗುತ್ತಿದ್ದೀರಿ. ಹೆದರಬೇಡಿ ಎನ್ನಲು ನನಗೆ ಮುಖವಿಲ್ಲ.

ಇಂತು, ಕೊಡ ಕೆಳಗಿಡಲು ಈಗಷ್ಟೇ ಕಲಿಯುತ್ತಿರುವ
ತಮ್ಮ ವಿಶ್ವಾಸಿ,
ಮುರಿಗೆಪ್ಪ

ತಾ.ಕ.: ಶನಿವಾರ ಪತ್ರ ಅಂಟಿಸಿದ ಮೇಲೆ ಬರೆದದ್ದು. ಸಂಜೆ ರಾಧಿಕಾ ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಓಣಿಗೆಲ್ಲ ಕೇಳಿಸಿತು. ಆಮೇಲೆ ಕಾಶೆವ್ವ, ಯಾರಿಗೂ ಅಲ್ಲದಂತೆ, "ಸ್ವಾಮಾರ ಮುಂಜಾನೆ ನಾ ಕಟ್ಟೀ ಮ್ಯಾಲ ಕುಂತ ಜ್ವಾಳ ಹಸನ ಮಾಡತೇನವಾ, ಆ ಕಡೆ ಮಾರಿ ಮಾಡಿ" ಎಂದು ಕೂಗಿ ಹೇಳಿದಳು. ಇಂದು ಭಾನುವಾರ ಮುಂಜಾನೆ ಅವಳು ನಮ್ಮ ಹಿತ್ತಲಿಗೆ ಬಂದು ಕಾಗದದ ಹೂವನ್ನು ಬಹಳ ಹೊಗಳಿದಳು. ಅದು ಹೊಗಳುವಂಥ ಗಿಡವಲ್ಲ. ಅವಳು ಹೋದ ಮೇಲೆ ನೋಡಿದರೆ ನಮ್ಮ ಎರಡು ಕೊಡ ಮತ್ತು ಯೂರಿಯಾ ಚೀಲ ಇರಲಿಲ್ಲ. ಆ ಹೊತ್ತಿನಲ್ಲಿ ನಾನು ಗೋಡೆಯ ಕಡೆ ಮುಖ ಮಾಡಿ ದಿನಚರಿ ಬರೆಯುತ್ತಿದ್ದೆ.