ಬೇರೆಯವರ ಮೈಮೇಲೆ ಚೌರಪ್ಪನವರ ತಲೆ

ಚೌರಪ್ಪನವರ ತಲೆಯನ್ನು ತಂದು ಇನ್ಯಾರದೋ ಕುತ್ತಿಗೆಯ ಮೇಲೆ ಕೂರಿಸಿದ್ದೇ ಆ ಶುಕ್ರವಾರದ ಎಲ್ಲ ರಾದ್ಧಾಂತಕ್ಕೂ ಮೂಲ. ಕೂರಿಸಿದವನು ಬಿ.ಎಚ್. ರಸ್ತೆಯ ಫ್ಲೆಕ್ಸ್ ಅಂಗಡಿಯ ಮೋಹನ್‌ಕುಮಾರ್. ತಲೆ ಕೊಟ್ಟವರು ಮಾತ್ರ ಸ್ವತಃ ಚೌರಪ್ಪನವರೇ.

ಅರಸೀಕೆರೆ ಜಂಕ್ಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಕೂತು ಕೂತೇ ಆ ತಲೆ ನರೆತಿತ್ತು. "ಶಿವಮೊಗ್ಗ ಗಾಡಿ ಬಂತಾ?", "ಹುಬ್ಬಳ್ಳಿ ಗಾಡಿ ಎಷ್ಟು ಲೇಟು?", "ಯಾಕೆ ಲೇಟು?" ಎಂದು ಕೇಳುವವರಿಗೆ ಉತ್ತರ ಹೇಳುವುದರಲ್ಲೇ ಅವರ ಆಯುಸ್ಸಿನ ದೊಡ್ಡ ಪಾಲು ಕಳೆದಿತ್ತು. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಎಲ್ಲೋ ಸಿಗ್ನಲ್ ಕೆಟ್ಟು ಎಲ್ಲೋ ನಿಂತ ರೈಲಿಗೆ ತಾವೇಕೆ ಇಲ್ಲಿ ಕೂತು ಬೈಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಮಾತ್ರ ಅವರಿಗೆ ಯಾವ ಕಿಟಕಿಯಲ್ಲೂ ಉತ್ತರ ಸಿಕ್ಕಿರಲಿಲ್ಲ.

ಹಾಗಿರುವಾಗ ಒಂದು ಭಾನುವಾರ ಪೂಜೆ ಮುಗಿಸಿದ ಫಾದರ್ ಪ್ರಕಟಣೆ ಓದಿದರು. ಬೇಲೂರಿನ ಹತ್ತಿರ, ಯಗಚಿ ದಂಡೆಯ ಪ್ರಾರ್ಥನಾಮಂದಿರದಲ್ಲಿ ಗಂಡಸರಿಗಾಗಿ ಧ್ಯಾನಕೂಟ. ನಮ್ಮ ನೋವಿಗೆ ಏನು ಅರ್ಥ ಎಂಬುದು ವಿಷಯ. ಮೂರು ದಿನ ಸಂಪೂರ್ಣ ಮೌನ.

ಚೌರಪ್ಪನವರ ಎದೆಗೆ ನಾಟಿದ್ದು ಕೊನೆಯ ಮಾತು. ಮೂರು ದಿನ ಯಾರೂ ಏನೂ ಕೇಳುವುದಿಲ್ಲ! ಸ್ವರ್ಗದ ವಿಷಯದಲ್ಲೂ ಅವರಿಗೆ ಇಷ್ಟು ಖಚಿತವಾದ ಭರವಸೆ ಸಿಕ್ಕಿರಲಿಲ್ಲ.

"ಆದರೆ ಮಿನಿಬಸ್ಸು ತುಂಬಬೇಕು," ಎಂದರು ಫಾದರ್. "ತುಂಬದಿದ್ದರೆ ಧ್ಯಾನಕೂಟ ರದ್ದು. ಯಾವ ಧರ್ಮದವರಾದರೂ ಬರಬಹುದು. ಗಂಡಸರಾಗಿರಬೇಕು, ಕಷ್ಟ ಇರಬೇಕು, ಅಷ್ಟೆ."

"ಪ್ರಚಾರ ನನಗೆ ಬಿಡಿ ಫಾದರ್," ಎಂದು ಚೌರಪ್ಪನವರು ಎದ್ದು ನಿಂತರು. ಅವರ ಹೆಂಡತಿ ಆಶಾರಾಣಿ ಹೆಂಗಸರ ಸಾಲಿನಿಂದ ಅವರನ್ನು ಒಮ್ಮೆ ನೋಡಿ, ಮತ್ತೆ ಜಪಸರ ಎಣಿಸತೊಡಗಿದರು.

ಮೋಹನ್‌ಕುಮಾರ್ ಹೊಸ ಫ್ಲೆಕ್ಸ್ ಬರೆಯುವವನಲ್ಲ. ಅವನ ಕಂಪ್ಯೂಟರಿನಲ್ಲಿ ಹಳೆಯ ಫ್ಲೆಕ್ಸುಗಳ ರಾಶಿಯೇ ಇತ್ತು. ಅವುಗಳಲ್ಲಿ ಹೆಸರು, ತಲೆ, ಬಣ್ಣ ಬದಲಾಯಿಸಿದರೆ ಮದುವೆ, ಹುಟ್ಟುಹಬ್ಬ, ಕೊಬ್ಬರಿ ಮಂಡಿಯ ವಾರ್ಷಿಕೋತ್ಸವ ಎಲ್ಲವೂ ತಯಾರು.

"ಶಿಲುಬೆ ಹೊತ್ತ ಯೇಸುಸ್ವಾಮಿ ಚಿತ್ರ ದೊಡ್ಡದಾಗಿ ಹಾಕಪ್ಪ," ಎಂದರು ಚೌರಪ್ಪನವರು.

"ಅವ್ರು ಇದ್ದೇ ಇರ್ತಾರೆ ಸಾರ್. ಆದ್ರೆ ಲೋಕಲ್ ಮುಖ ಒಂದು ಬೇಕು. ನಮ್ಮೂರಲ್ಲಿ ಯಾರೂ ಅಕ್ಷರ ಓದಲ್ಲ, ಮುಖ ನೋಡ್ತಾರೆ. ನಿಮ್ದೇ ಒಂದು ಫೋಟೋ ಕೊಡಿ."

ಬೇಡ ಎನ್ನಬೇಕಿತ್ತು. ಎನ್ನಬೇಕೆಂದೇ ಬಾಯಿ ತೆರೆದರು. ಆದರೆ ಜನ್ಮವಿಡೀ ಕಬ್ಬಿಣದ ಜಾಲರಿಯ ಹಿಂದಿದ್ದ ಮುಖವನ್ನು ಒಮ್ಮೆ ಬಯಲಲ್ಲಿ, ಗಾಳಿ ಬೆಳಕಿನಲ್ಲಿ ನೋಡುವ ಆಸೆ ಕೈಯನ್ನು ಜೇಬಿಗೆ ಒಯ್ದಿತು. ಪಿಂಚಣಿಗೆಂದು ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೋ ಮೇಜಿಗೆ ಬಂತು. ಅದರಲ್ಲಿ ಇದ್ದದ್ದು ಕುತ್ತಿಗೆಯವರೆಗೆ ಮಾತ್ರ.

"ಮಿಕ್ಕಿದ್ದು ನಾನು ನೋಡ್ಕತೀನಿ ಸಾರ್," ಎಂದ ಮೋಹನ್‌ಕುಮಾರ್. ಬಳಿಕ "ನಾಳೆ ಸಾರ್", "ಕರೆಂಟಿಲ್ಲ ಸಾರ್", "ಇಂಕಿಲ್ಲ ಸಾರ್" ಎನ್ನುತ್ತ, ಬಸ್ಸು ಹೊರಡಬೇಕಾದ ದಿನವೇ ಬೆಳಗ್ಗೆ ಫ್ಲೆಕ್ಸನ್ನು ಬಸ್‌ಸ್ಟ್ಯಾಂಡಿನ ಎದುರು ಕಟ್ಟಿಸಿದ.

ಚೌರಪ್ಪನವರು ಅದನ್ನು ನೋಡುವ ಮೊದಲೇ ಊರು ನೋಡಿತ್ತು.

ಬೆಳಗಿನ ಕಾಫಿಯ ಲೋಟ ಇನ್ನೂ ಕೈಯಲ್ಲಿತ್ತು. ಎದುರು ಮನೆಯ ಚಲುವಮ್ಮ ಗೇಟು ತಳ್ಳಿಕೊಂಡು ಬಂದಳು.

"ಒಳ್ಳೇ ಕೆಲ್ಸ ಮಾಡಿದ್ರಿ ಕಣಣ್ಣೋ. ಇಷ್ಟು ದಿನ ನಮ್ಮ ಬೀದೀಲಿ ಒಬ್ರಿಗೂ ಧೈರ್ಯ ಬಂದಿರ್ನಿಲ್ಲ. ನೋಡಿ, ನಮ್ಮನೆ ಮುಂದ್ಲ ಚರಂಡಿ ಕಟ್ಕಂಡು ಎಷ್ಟು ದಿನ ಆಯ್ತು? ಸೊಳ್ಳೆ ಅಂದ್ರೆ ಗುಬ್ಬಚ್ಚಿ ಗಾತ್ರ ಆಗವೆ."

"ಅದನ್ನ ನನಗ್ಯಾಕೆ ಹೇಳ್ತೀಯ ತಾಯಿ?"

"ಇನ್ಯಾರಿಗೆ ಹೇಳನ? ನಿಂತಿರೋರು ನೀವಲ್ವಾ?"

"ಎಲ್ಲಿ ನಿಂತಿದೀನಿ?"

"ಬಸ್‌ಸ್ಟ್ಯಾಂಡ್ ತಾವ!"

ಊರಿನಲ್ಲಿ ನಗರಸಭೆ ಚುನಾವಣೆ ಹತ್ತಿರವಿತ್ತು. ಯಾವ ವಾರ್ಡಿಗೆ ಯಾವ ಮೀಸಲಾತಿ ಎಂಬುದೊಂದು ಹೊರಬೀಳುವುದು ಬಾಕಿಯಿತ್ತು. ಇಂಥ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಮನುಷ್ಯ ಕೈ ಮುಗಿದು ನಿಂತರೆ ಅರಸೀಕೆರೆ ಅದಕ್ಕೆ ಒಂದೇ ಅರ್ಥ ಮಾಡುತ್ತದೆ. ಚೌರಪ್ಪನವರು ಲೋಟ ಇಟ್ಟು ಓಡಿದರು. "ಸ್ವಲ್ಪ ನೀವಾದ್ರೂ ಗಮನ ಇಡಿ ಅಕ್ಕ," ಎಂದು ಹಿಂದಿನಿಂದ ಚಲುವಮ್ಮ ಆಶಾರಾಣಿಗೆ ಹೇಳುತ್ತಿದ್ದುದು, "ಆಗ್ಲಿ ಕಣೇ, ನೋಡನ," ಎಂದು ಆಶಾರಾಣಿ ಕಾಫಿ ಬಗ್ಗಿಸುತ್ತಿದ್ದುದು ಅವರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಫ್ಲೆಕ್ಸು ಬಸ್ಸಿನಷ್ಟಿತ್ತು. ಗರಿಗರಿ ಬಿಳಿ ಅಂಗಿ, ಹೆಗಲ ಮೇಲೆ ಜರಿಶಾಲು, ಎದೆಯ ಮುಂದೆ ಮುಗಿದ ದಪ್ಪ ಕೈಗಳು, ಎರಡು ಬೆರಳಿಗೆ ಉಂಗುರ. ಇಷ್ಟರ ಮೇಲೆ, ಹೂಜಿಯ ಮೇಲೆ ನಿಂಬೆಹಣ್ಣಿಟ್ಟಂತೆ, ಚೌರಪ್ಪನವರ ತಲೆ. ಪಕ್ಷದ ದೊಡ್ಡ ನಾಯಕರ ಪುಟ್ಟ ಮುಖಗಳು ಇರಬೇಕಾದ ಮೇಲಿನ ಸಾಲಿನ ಗುಂಡು ಗುಂಡು ಖಾನೆಗಳಲ್ಲಿ ಶಿಲುಬೆ ಹೊತ್ತ ಯೇಸು, ಮಾತೆ ಮರಿಯಮ್ಮ, ಕೊನೆಗೆ ಫಾದರ್. "ನಿಮ್ಮ ಕಷ್ಟಕ್ಕೂ ಒಂದು ಅರ್ಥವಿದೆ" ಎಂದು ಕೆಂಪು ಅಕ್ಷರ. ಅದರ ಕೆಳಗೆ, ಹಳೆಯ ಫ್ಲೆಕ್ಸಿನಿಂದ ಅಳಿಸಲು ಮರೆತ ಸಾಲು: "ಬನ್ನಿ, ನಮ್ಮೊಂದಿಗೆ ಕೈಜೋಡಿಸಿ." ಧ್ಯಾನಕೂಟ, ಬೇಲೂರು, ಬಸ್ಸು ಇತ್ಯಾದಿ ವಿವರಗಳೆಲ್ಲ ತಳದಲ್ಲಿದ್ದವು, ಅವುಗಳ ಮುಂದೆ ಎಳನೀರಿನ ಗಾಡಿ ನಿಂತಿತ್ತು.

"ಹೈಕಮಾಂಡ್ ನೋಡ್ಲಾ," ಎನ್ನುತ್ತಿದ್ದ ಎಳನೀರು ಕುಡಿಯುತ್ತಿದ್ದವನೊಬ್ಬ. "ಡೈರೆಕ್ಟು ಮೇಲಿಂದ್ಲೇ ಟಿಕೆಟ್ಟು."

ನಾಲ್ಕು ಜನ ನಕ್ಕರು. ಚೌರಪ್ಪನವರು ಕರ್ಚೀಫಿನಿಂದ ಮುಖ ಮುಚ್ಚಿಕೊಂಡು ಸ್ಟೇಷನ್ನಿಗೆ ನಡೆದರು. ಅಲ್ಲಿ ಕಿಟಕಿಯ ಮುಂದೆ ಆಗಲೇ ಸಾಲಿತ್ತು. ಅದರಲ್ಲಿ ರೈಲಿನ ವಿಷಯ ಕೇಳುವವರು ಒಬ್ಬಿಬ್ಬರೇ. ಮಿಕ್ಕವರಿಗೆ ಬೀದಿದೀಪ ಬೇಕಿತ್ತು, ಮನೆಯ ಖಾತೆ ಆಗಬೇಕಿತ್ತು, ಪಕ್ಕದ ಮನೆಯವನ ನಾಯಿಗೊಂದು ಗತಿ ಕಾಣಿಸಬೇಕಿತ್ತು. ಅಷ್ಟರಲ್ಲಿ ಮೇಲಧಿಕಾರಿಗಳು ಒಳಗೆ ಕರೆದರು.

"ಚೌರಪ್ಪನವರೇ, ರೈಲ್ವೆ ನೌಕರಿಯಲ್ಲಿ ಇರೋರು ಚುನಾವಣೆಗೆ ನಿಲ್ಲಂಗಿಲ್ಲ. ಗೊತ್ತಾ?"

"ನಾನು ನಿಂತಿಲ್ಲ ಸಾರ್."

"ಮತ್ತೆ ಕೈ ಯಾಕೆ ಮುಗಿದಿದೀರಿ?"

"ಅದು ನನ್ನ ಕೈಯಲ್ಲ ಸಾರ್."

ಅಧಿಕಾರಿಗಳು ಕನ್ನಡಕ ತೆಗೆದರು. "ಯಾರ ಕೈ?"

"ಗೊತ್ತಿಲ್ಲ ಸಾರ್. ಉಂಗುರ ಹಾಕ್ಕೊಂಡಿದಾರೆ."

"ರಿಟೈರ್‌ಮೆಂಟ್ ಹತ್ರ ಬಂದೈತೆ. ಪಿಂಚಣಿಗೆ ಕಲ್ಲು ಹಾಕ್ಕೋಬೇಡಿ. ಅರ್ಧ ದಿನ ರಜೆ ಬರೆದು ಹೋಗಿ, ಮೊದಲು ಅದನ್ನ ಸರಿಮಾಡಿ."

ಚೌರಪ್ಪನವರು ನೇರ ಮೋಹನ್‌ಕುಮಾರನ ಅಂಗಡಿಗೆ ನುಗ್ಗಿದರು. "ಯಾರದಯ್ಯ ಆ ಮೈ?"

"ಹೋದ್ಸಲ ನಿಂತು ಡೆಪಾಸಿಟ್ ಕಳ್ಕಂಡೋರದು ಸಾರ್. ಈಗ ರಾಜಕೀಯ ಬಿಟ್ಟವ್ರೆ, ಅವ್ರೇನೂ ಅನ್ಕಳಲ್ಲ."

"ಈಗಲೇ ಬಿಚ್ಚಿಸು."

"ಕಟ್ಟೋ ಹುಡುಗ್ರು ಬಾಣಾವರಕ್ಕೆ ಹೋಗವ್ರೆ ಸಾರ್, ಸಾಯಂಕಾಲ ಬತ್ತಾರೆ. ಅಲ್ಲಿವರ್ಗೂ ಒಂದು ಪಟ್ಟಿ ಅಂಟಿಸ್ಲಾ? ನೀವು ನಿಲ್ತಿಲ್ಲ ಅಂತ."

ಮುಳುಗುವವರಿಗೆ ಸಿಕ್ಕಿದ ಬಾಳೆದಿಂಡಿನಂತೆ ಚೌರಪ್ಪನವರು ಆ ಸಲಹೆಯನ್ನು ತಬ್ಬಿಕೊಂಡರು. ತುಸು ಹೊತ್ತಿನಲ್ಲೇ ಫ್ಲೆಕ್ಸಿನ ಅಡ್ಡಕ್ಕೆ ಹಳದಿ ಪಟ್ಟಿ ಬಿತ್ತು: "ಸ್ಪಷ್ಟನೆ: ಚೌರಪ್ಪನವರು ಚುನಾವಣೆಗೆ ನಿಲ್ಲುತ್ತಿಲ್ಲ."

ಅದುವರೆಗೆ ಫ್ಲೆಕ್ಸು ನೋಡದವರೂ ಈಗ ನೋಡಿದರು. ನಿಲ್ಲುತ್ತೇನೆ ಎಂದು ಫ್ಲೆಕ್ಸು ಹಾಕಿಸುವವರು ಊರಿಗೆ ನೂರು ಜನ. ನಿಲ್ಲುವುದಿಲ್ಲ ಎಂದು ಹಾಕಿಸಿದವನು ಈ ಮಹಾರಾಯ ಒಬ್ಬನೇ. ಹಾಗಾದರೆ ಈತನ ಹಿಂದೆ ಯಾರೋ ಭಾರಿ ಕುಳ ಇರಲೇಬೇಕು ಎಂದು ಬಸ್‌ಸ್ಟ್ಯಾಂಡ್ ತೀರ್ಮಾನಿಸಿತು. ವಾರ್ಡಿನ ಹಾಲಿ ಮೆಂಬರ್ ಷಡಕ್ಷರಪ್ಪನವರು ಅದೇ ದಾರಿಯಲ್ಲಿ ಬಂದವರು ಪಟ್ಟಿ ಓದಿ, ಬೈಕು ನಿಲ್ಲಿಸಿ, ಮತ್ತೊಮ್ಮೆ ಓದಿದರು.

ಚೌರಪ್ಪನವರು ಮನೆ ಸೇರಿದಾಗ ಬೀದಿಯ ಚರಂಡಿಯಲ್ಲಿ ನೀರು ಸರಾಗವಾಗಿ ಹರಿಯುತ್ತಿತ್ತು. ಜಗಲಿಯ ತುಂಬ ಹೆಂಗಸರು. ನಡುವೆ ಆಶಾರಾಣಿ.

"ಮಾತು ಅಂದ್ರೆ ಇದು ಕಣಣ್ಣೋ," ಎಂದಳು ಚಲುವಮ್ಮ. "ಬೆಳಗ್ಗೆ ಅಕ್ಕಂಗೆ ಹೇಳ್ದೆ, ಮಧ್ಯಾಹ್ನಕ್ಕೆ ಕ್ಲೀನಾಯ್ತು!"

ಚರಂಡಿ ತೆಗೆಸಿದ್ದು ಗಾಬರಿಬಿದ್ದ ಷಡಕ್ಷರಪ್ಪನವರು. ಆದರೆ ಅದನ್ನು ಹೇಳಿಕೊಳ್ಳಲು ಅವರಿಗೆ ಸಮಯ ಸಿಕ್ಕಿರಲಿಲ್ಲ. ಅವರು ಹಿಂಬಾಲಕರನ್ನು ಕಟ್ಟಿಕೊಂಡು ಚೌರಪ್ಪನವರ ಬೆನ್ನಿಗೇ ನಡುಮನೆಗೆ ಬಂದು ಕೂತರು.

"ನೇರವಾಗಿ ಕೇಳ್ತೀನಿ. ಯಾರು ನಿಮ್ಮ ಹಿಂದೆ ಇರೋದು?"

"ಫಾದರ್," ಎಂದರು ಚೌರಪ್ಪನವರು ಪ್ರಾಮಾಣಿಕವಾಗಿ.

"ನಿಲ್ಲಲ್ಲ ಅಂತ ಬರೆಸಿದೀರಿ. ನಾವೂ ಹಂಗೇ ಹೇಳಿ ಹೇಳಿ ನಿಂತೋರು ಕಣ್ರೀ."

ಚೌರಪ್ಪನವರು ಎದ್ದು, ದೇವರ ಪಟದ ಕೆಳಗಿದ್ದ ಬೈಬಲ್ಲಿನ ಮೇಲೆ ಕೈಯಿಟ್ಟರು. ಈ ಸಲ ಕೈ ಅವರದೇ. "ಈ ಜನ್ಮದಲ್ಲಿ ಯಾವ ಚುನಾವಣೆಗೂ ನಾನು ನಿಲ್ಲಲ್ಲ. ಇದು ಸತ್ಯ."

ಷಡಕ್ಷರಪ್ಪನವರ ಭುಜ ಇಳಿಯಿತು. ಕಣ್ಣಂಚು ಒದ್ದೆಯಾಯಿತು. "ದೊಡ್ಡ ಮನಸ್ಸು ನಿಮ್ದು. ನಿಮಗೆ ಏನು ಬೇಕು, ಕೇಳಿ."

"ಗಂಡಸರು ಬೇಕು."

ಹಿಂಬಾಲಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಂದು ಮಿನಿಬಸ್ಸು ತುಂಬ. ಕಷ್ಟ ಇರೋರು. ಬೇಲೂರಿನ ಹತ್ರ ಧ್ಯಾನಕೂಟ, ಮೂರು ದಿನ. ಇವತ್ತೇ ಸಾಯಂಕಾಲ."

"ಅಷ್ಟೇನಾ?" ಷಡಕ್ಷರಪ್ಪನವರು ಹಿಂಬಾಲಕರತ್ತ ತಿರುಗಿದರು. "ಏನ್ರಲಾ, ಕಷ್ಟ ಐತೇನ್ರಲಾ?"

"ಐತೆ ಅಣ್ಣ," ಎಂದರು ಎಲ್ಲರೂ ಒಟ್ಟಿಗೆ. ಒಬ್ಬ, "ಹೋಗ್ತಾ ಹಳೇಬೀಡು ತೋರಿಸ್ತಾರಾ?" ಎಂದ. ಇನ್ನೊಬ್ಬ, "ಊಟ?" ಎಂದ.

"ಎರಡೂ ಉಂಟು. ಆದರೆ ಮಾತಾಡಂಗಿಲ್ಲ."

"ಹಂಗಾದ್ರೆ ಖಂಡಿತ ಕರ್ಕಂಡೋಗಿ," ಎಂದರು ಷಡಕ್ಷರಪ್ಪನವರು. "ಇವ್ರು ಬಾಯಿ ಬಿಟ್ಟಿದ್ದಕ್ಕೇ ಹೋದ್ಸಲ ನಂಗೆ ಓಟು ಕಮ್ಮಿ ಬಿದ್ದಿದ್ದು."

ಸಂಜೆ ಚರ್ಚಿನ ಮುಂದೆ ಮಿನಿಬಸ್ಸು ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನ ಕಿಟಕಿ ಪಕ್ಕದ ಒಂದು ಜಾಗ ಮಾತ್ರ ಖಾಲಿ, ಅದು ಚೌರಪ್ಪನವರದು. ಫಾದರ್ ಅವರ ಬೆನ್ನು ತಟ್ಟಿ, "ಇಂಥ ಪ್ರಚಾರ ನಾನು ಕಂಡಿಲ್ಲ ಚೌರಪ್ಪ. ಒಂದೇ ದಿನದಲ್ಲಿ!" ಎಂದರು. ಚೌರಪ್ಪನವರು ಬ್ಯಾಗು ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರು. ಮೌನ ಇನ್ನು ಕೈಯಳತೆಯಲ್ಲಿತ್ತು.

ಆಗ ಬಸ್ಸಿನೊಳಗೆ ಎಲ್ಲರ ಮೊಬೈಲೂ ಒಟ್ಟಿಗೆ ಕಿಣಿಕಿಣಿ ಎಂದವು.

"ಮೀಸಲಾತಿ ಬಂತು ಕಣ್ರಲಾ! ನಮ್ಮ ವಾರ್ಡು ಮಹಿಳೆ!"

ಚೌರಪ್ಪನವರಿಗೆ ನಗು ತಡೆಯಲಾಗಲಿಲ್ಲ. ಇನ್ನು ಅವರು ಬೇಕೆಂದರೂ ನಿಲ್ಲುವಂತಿರಲಿಲ್ಲ. ಪಿಂಚಣಿ ಉಳಿಯಿತು. ಬಸ್ಸು ತುಂಬಿತು. ದೇವರು ದೊಡ್ಡವನು ಎಂದುಕೊಂಡು ಎರಡನೆಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರೋ ಬ್ಯಾಗು ಎಳೆದರು.

ಆಶಾರಾಣಿ. ಅವರ ಹಿಂದೆ ಚಲುವಮ್ಮ. ಅವಳ ಹಿಂದೆ ಬೀದಿಗೆ ಬೀದಿಯೇ.

"ಇಳೀರಿ," ಎಂದರು ಆಶಾರಾಣಿ. "ನಾನು ನಿಲ್ತಿದೀನಿ."

"ಎಲ್ಲಿ?" ಎಂದು ಚೌರಪ್ಪನವರ ಬಾಯಿಂದ ಬೆಳಗಿನ ಪ್ರಶ್ನೆಯೇ ಬಂತು. "ಲೇ, ನಾನು ಬೈಬಲ್ಲಿನ ಮೇಲೆ ಕೈಯಿಟ್ಟು..."

"ಕೈಯಿಟ್ಟಿದ್ದು ನೀವು. ನಾನು ಅಡುಗೆಮನೇಲಿ ಅವರೆಲ್ಲರಿಗೂ ಕಾಫಿ ಮಾಡ್ತಿದ್ದೆ. ನಾನು ರೈಲ್ವೆ ನೌಕರಳೂ ಅಲ್ಲ."

"ಸರಿ, ನಿಲ್ಲು. ನಾನು ಮೂರು ದಿನ ಹೋಗಿ ಬರ್ತೀನಿ."

"ಹೋದ್ರೆ ಹೆಂಗೆ? ನಾಳೆಯಿಂದ ನಾನು ಮನೆಮನೆಗೆ ಹೋಗ್ಬೇಕು. ಮನೆ ಹತ್ರ ಬಂದೋರಿಗೆ ಹೇಳೋಕೆ ಒಬ್ರು ಬೇಡ್ವಾ? ಬಂದೋರಿಗೆ ಉತ್ತರ ಹೇಳೋದ್ರಲ್ಲಿ ನಿಮಗಿಂತ ಅನುಭವ ಯಾರಿಗಿದೆ?"

"ಪಾಯಿಂಟು," ಎಂದಳು ಚಲುವಮ್ಮ.

ಫಾದರ್ ಆಕಾಶ ನೋಡಿದರು. ಚೌರಪ್ಪನವರು ಮೆಟ್ಟಿಲಿಳಿಯುವಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಷಡಕ್ಷರಪ್ಪನವರು ಇಳಿದರು. ಹೆಗಲಿಗೊಂದು ಚೀಲ. ಮಧ್ಯಾಹ್ನಕ್ಕಿಂತ ಹತ್ತು ವರ್ಷ ಹೆಚ್ಚು ವಯಸ್ಸಾದವರಂತಿದ್ದರು.

"ನನ್ನ ಸೀಟು ಹೋಯ್ತು ಚೌರಪ್ಪೋರೇ. ನೀನಾದ್ರೂ ನಿಲ್ಲೇ ಅಂತ ನಮ್ಮನೆಯೋಳಿಗೆ ಕೈ ಮುಗಿದೆ. ಆಗಲ್ಲ, ಆಶಾರಾಣಿಗೇ ನನ್ನ ಓಟು, ಚರಂಡಿ ಮಾಡಿಸವ್ರೆ ಅಂದ್ಬಿಟ್ಲು." ಚೀಲವನ್ನು ನೆಲಕ್ಕಿಟ್ಟರು. "ಚರಂಡಿ ಮಾಡಿಸಿದ್ದು ನಾನು ಕಣ್ರೀ. ಹೇಳಿದ್ರೆ ಯಾರೂ ನಂಬ್ತಿಲ್ಲ. ಇದಕ್ಕೇನಾದ್ರೂ ಅರ್ಥ ಐತಾ?"

"ಬನ್ನಿ, ಬನ್ನಿ," ಎಂದು ಫಾದರ್ ಅವರ ಭುಜದ ಮೇಲೆ ಕೈಹಾಕಿದರು. "ಮುಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಖಾಲಿ ಇದೆ."

ಬಸ್ಸು ಬೇಲೂರು ರಸ್ತೆಗೆ ತಿರುಗಿತು. ಚೌರಪ್ಪನವರು ಅದು ಮರೆಯಾಗುವವರೆಗೂ ನೋಡಿ, ಮನೆಗೆ ಬಂದು ಜಗಲಿಯ ಕಂಬಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಆಶಾರಾಣಿ ಆಗಲೇ ಮೋಹನ್‌ಕುಮಾರನ ಅಂಗಡಿಗೆ ಹೋಗಿದ್ದರು. ಹೊಸ ಫ್ಲೆಕ್ಸಿನಲ್ಲಿ ಗಂಡನ ತಲೆಯನ್ನು ಮೇಲಿನ ಗುಂಡು ಖಾನೆಗೆ ಹಾಕಿಸುವುದಾಗಿ ಹೇಳಿದ್ದರು.

ಗೇಟಿನ ಬಳಿ ಒಬ್ಬ ಬಂದು ನಿಂತ.

"ಅಕ್ಕಾವ್ರು ಬಂದ್ರಾ?"

"ಇಲ್ಲ," ಎಂದರು ಚೌರಪ್ಪನವರು.

"ಎಷ್ಟೊತ್ತಿಗೆ ಬತ್ತಾರೆ?"

"ಸ್ವಲ್ಪ ಲೇಟಾಗುತ್ತೆ."

ಅವನು ಕಂಬಿಗೆ ಮುಖ ಹಚ್ಚಿ, ಅನುಮಾನದಿಂದ ಒಳಗೆ ನೋಡಿದ.

"ಯಾಕೆ ಲೇಟು?"