ಚನ್ನೇಶನ ಗಾಡಿಗೆ ಕಂಪ್ರೆಷನ್ ಇಲ್ಲ

ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ ಹೊಡೆದರೆ, ಒಳಗಿನ ಗಾಳಿ ಬೆರಳನ್ನು ಫಟ್ ಅಂತ ಎಗರಿಸಬೇಕು. ಎಂಜಿನ್‌ನಲ್ಲಿ ಕಂಪ್ರೆಷನ್ ಇದೆ ಅನ್ನೋದಕ್ಕೆ ಅದೇ ಗುರುತು. ಆ ಭಾನುವಾರ ಬೆಳಗ್ಗೆ ಚನ್ನೇಶನ ಹೆಬ್ಬೆರಳಿಗೆ ತಾಗಿದ್ದು, ಹಲ್ಲಿಲ್ಲದ ಮುದುಕಿ ಒಲೆ ಊದಿದಷ್ಟು ಗಾಳಿ.

ಚನ್ನೇಶನದು ಜಾವಗಲ್‌ನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಗಾಡಿ ಮಾತ್ರ ಮಾವನ ಕಡೆಯಿಂದ ಬಂದದ್ದು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರು ಮೀಸೆ ಕಪ್ಪಗಿದ್ದ ಕಾಲದಲ್ಲಿ ಓಡಿಸಿದ ಮೋಟಾರ್ ಸೈಕಲ್ಲು, ಗೋಡೌನಿನ ಮೂಟೆಗಳ ಹಿಂದೆ ಇಲಿಗಳಿಗೆ ಬಾಣಂತಿ ಕೋಣೆಯಾಗಿತ್ತು. "ತಗೊಂಡೋಗಿ ಅಳಿಯಂದ್ರೇ, ಜಾಗ ಖಾಲಿಯಾದ್ರೆ ಸಾಕು" ಅಂದಿದ್ದರು. ಇವನು ಎರಡು ವರ್ಷ ಮೊಬೈಲಲ್ಲಿ ವೀಡಿಯೋ ನೋಡಿ ನೋಡಿ ಪಿಸ್ಟನ್ನು, ರಿಂಗು, ವಾಲ್ವು ಎಲ್ಲ ಹೊಸದು ಹಾಕಿ ಎಂಜಿನ್ ಕಟ್ಟಿದ. ಶನಿವಾರ ಸಂಜೆ ಅದು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿಯೂ ಆಯಿತು.

ಆ ಖುಷಿಯಲ್ಲಿ ಹೆಂಡತಿ ಪುಷ್ಪಲತಾಗೆ ಮಾತು ಕೊಟ್ಟುಬಿಟ್ಟ. ಮಾರನೇ ದಿನ ಬೇಲೂರಿನಲ್ಲಿ ಅವಳ ಚಿಕ್ಕಪ್ಪನ ಮಗಳು ಅರುಣಾಳ ಮಗುವಿಗೆ ನಾಮಕರಣ. ಆ ಕಡೆಯ ನೆಂಟರೆಲ್ಲ ಇವನಿಗೆ 'ಗುಜರಿ ಅಳಿಯ' ಅಂತ ಹೆಸರಿಟ್ಟು ನಗುತ್ತಿದ್ದರು. ಅವರ ಮುಂದೆಯೇ ಡುಗು ಡುಗು ಅಂತ ಹೋಗಿ ನಿಲ್ಲಿಸಬೇಕು, ಹಿಂದೆ ಪುಷ್ಪ ರೇಷ್ಮೆ ಸೀರೆಯಲ್ಲಿ ಕೂತಿರಬೇಕು. ಪಾಪ, ಅವನ ಆಸೆ ಇಷ್ಟೇ.

"ಹನ್ನೊಂದರೊಳಗೆ ಹೊರಟರೆ ಕೂರ್ತೀನಿ" ಅಂದಿದ್ದಳು ಪುಷ್ಪ. "ಇಲ್ಲಾಂದ್ರೆ ನಾನು ಬಸ್ಸಿಗೆ, ಅದು ನಾಳೆ ಗುಜರಿಗೆ."

ಬೆಳಗ್ಗೆ ತಾಯಿ ಬಸಮ್ಮ ಗಾಡಿ ತೊಳೆದು, ಟ್ಯಾಂಕಿಗೆ ವಿಭೂತಿ ಹಚ್ಚಿ, ಹ್ಯಾಂಡಲ್ ಕಾಣದ ಹಾಗೆ ಸೇವಂತಿಗೆ ಹಾರ ಸುತ್ತಿ ಪೂಜೆ ಮಾಡಿದ್ದರು. ಅದಾದ ಮೇಲೆ ಎಷ್ಟು ಕಿಕ್ ಹೊಡೆದರೂ ಗಾಡಿ ಕೆಮ್ಮಲೂ ಇಲ್ಲ.

ಮೊದಲು ಬಂದವರು ಎದುರು ಮನೆ ದೇವೀರಪ್ಪ. ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಗಂಜಿ ಹಾಕಿದ ಬಿಳಿ ಶರ್ಟು ತೊಟ್ಟು ಮಠಕ್ಕೆ ಹೊರಟಿದ್ದರು. ಗಾಡಿ ಮುಟ್ಟದೆಯೇ ತೀರ್ಪು ಕೊಟ್ಟರು.

"ವಾಲ್ವ್ ಕಣೋ. ಸರಿಯಾಗಿ ಕೂತಿಲ್ಲ. ಗಾಳಿ ಅಲ್ಲೇ ಸೋರ್ತೈತೆ."

ಪಕ್ಕದ ಮನೆ ಉಮೇಶ್, ಹಾಲಿನ ಡೇರಿ ಸೆಕ್ರೆಟರಿ, ಕಾಂಪೌಂಡ್ ಮೇಲಿಂದ ಕತ್ತು ಚಾಚಿದ. "ವಾಲ್ವಲ್ಲ ದೇವೀರಪ್ಪಣ್ಣ, ರಿಂಗು. ನಮ್ ಡೇರಿ ಜನರೇಟರ್‌ದೂ ಹಿಂಗೇ ಆಗಿತ್ತು."

"ನಿಂಗೆ ಹಾಲು ಗೊತ್ತು, ನಂಗೆ ಎಂಜಿನ್ ಗೊತ್ತು. ಸುಮ್ಕಿರ್ಲಾ."

"ಪರೀಕ್ಷೆ ಮಾಡೇಬಿಡಣ. ಪ್ಲಗ್ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟು ಕಿಕ್ ಹೊಡೀಲಿ. ಗಾಳಿ ಜೋರಾದ್ರೆ ರಿಂಗು, ಆಗದಿದ್ರೆ ವಾಲ್ವು."

ವೀಡಿಯೋದಲ್ಲೂ ಹಾಗೇ ಹೇಳಿದ್ದರು. ಆದರೆ ಎಂಜಿನ್ ಆಯಿಲ್ ಒಂದು ತೊಟ್ಟೂ ಉಳಿದಿರಲಿಲ್ಲ. ಬಸಮ್ಮ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ಪಾತ್ರೆ, ಸೌಟು ತಂದರು. "ಯಾವುದಾದ್ರೇನೋ, ಎಣ್ಣೆ ಎಣ್ಣೇನೇ. ಇದು ಗಾಣದ್ದು."

ಚಮಚ ಇರಲಿಲ್ಲವಾಗಿ ಉಮೇಶ್ ತುಂಬಿದ ಸೌಟನ್ನೇ ಬಗ್ಗಿಸಿದ. ಸದ್ದು ಕೇಳಬೇಕೆಂದು ದೇವೀರಪ್ಪ ತೂತಿನ ಹತ್ತಿರ ಕಿವಿ ಇಟ್ಟರು. ಚನ್ನೇಶ ಅದನ್ನು ನೋಡದೆ ಕಿಕ್ ಹೊಡೆದ. ಎಣ್ಣೆಯೆಲ್ಲ ಚಿಲ್ಲನೆ ಮೇಲೆ ಬಂದು ಕಿವಿ, ಮೀಸೆ, ಬಿಳಿ ಶರ್ಟು, ಎಲ್ಲಕ್ಕೂ ಅಭ್ಯಂಜನ ಆಯಿತು.

ದೇವೀರಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡರು. "ವಾಲ್ವೇ. ಕಿವಿಯಾರೆ ಕೇಳಿದೆ."

ಚನ್ನೇಶ ಮತ್ತೆ ಹೆಬ್ಬೆರಳಿಟ್ಟು ನೋಡಿದ. ಅದೇ ಮುದುಕಿ, ಅದೇ ಒಲೆ. ಅಂದರೆ ವಾಲ್ವು. ಅಂದರೆ ಎಂಜಿನ್ ತಲೆ ಬಿಚ್ಚಬೇಕು. ಅದಕ್ಕೆ ಅರ್ಧ ದಿನ ಬೇಕು. ಅಷ್ಟರಲ್ಲಿ ಪುಷ್ಪ ರೇಷ್ಮೆ ಸೀರೆ ಉಟ್ಟು ಬಾಗಿಲಿಗೆ ಬಂದಳು.

"ಹೆಂಗಸರಿಗೆ ಬಸ್ ಫ್ರೀ ರೀ. ನಂಗೇನೂ ನಷ್ಟ ಇಲ್ಲ."

ಚನ್ನೇಶನಿಗೆ ಅಳುವೇ ಬಂತು. ಸ್ಪ್ಯಾನರ್ ಕೈಗೆತ್ತಿಕೊಂಡ. ಅದೇ ಹೊತ್ತಿಗೆ ಗಂಗಾಧರಯ್ಯನವರು, ಮಗಳು ಅಳಿಯನ ಜೊತೆ ಬೇಲೂರಿಗೆ ಹೋಗೋಣವೆಂದು ಅರಸೀಕೆರೆ ಬಸ್ಸಿಳಿದು ಬಂದರು. ಗಾಡಿ ನೋಡಿ ಗೇಟಿನಲ್ಲೇ ನಿಂತರು. ಆಮೇಲೆ ಯಾರನ್ನೂ ಮಾತಾಡಿಸದೆ ಹೋಗಿ ಅದರ ಮೇಲೆ ಕೂತರು. ಹಳೇ ಅಭ್ಯಾಸಕ್ಕೆ ಎಡಗೈ ತಾನಾಗೇ ಹಾರದೊಳಗೆ ಹೋಯಿತು.

"ಅಳಿಯಂದ್ರೇ, ಇಲ್ಲೇನೋ ಕಟ್ಟಿದೀರಲ್ಲ?"

ಹೂವು ಸರಿಸಿದರೆ ನಿಂಬೆಹಣ್ಣು, ಮೆಣಸಿನಕಾಯಿ. ಬೇಲೂರು ರಸ್ತೆಯ ಗುಂಡಿಗೆ ಬಿದ್ದುಹೋಗಬಾರದೆಂದು ಬಸಮ್ಮ ತೆಂಗಿನ ಹುರಿಯಲ್ಲಿ ಬಿಗಿದು ಕಟ್ಟಿದ್ದರು. ಅದರ ಜೊತೆಗೇ ಬಿಗಿದುಹೋಗಿತ್ತು, ಹಳೇ ಗಾಡಿಗಳಲ್ಲಿ ಇರುವ ಒಂದು ಪುಟ್ಟ ಲಿವರ್. ಅದನ್ನು ಒತ್ತಿದರೆ ವಾಲ್ವು ತೆರೆದು ಗಾಳಿ ಹೊರಗೆ ಹೋಗುತ್ತದೆ, ಕಿಕ್ ಹಗುರಾಗುತ್ತದೆ. ಒತ್ತಿ, ಬಿಟ್ಟು, ಆಮೇಲೆ ಕಿಕ್ ಹೊಡೆಯಬೇಕು. ಇಲ್ಲಿ ಬೆಳಗ್ಗಿಂದ ಅದನ್ನು ಬಿಟ್ಟವರೇ ಇಲ್ಲ.

"ನಾ ಹೇಳ್ಲಿಲ್ವಾ, ವಾಲ್ವು" ಅಂದರು ದೇವೀರಪ್ಪ.

"ಏನವ್ವ ನೀನು" ಅಂದ ಚನ್ನೇಶ.

"ದೃಷ್ಟಿಗೆ ಕಟ್ಟಿದ್ದು ಕಣೋ. ಬೆಳಗ್ಗಿಂದ ಒಂದು ಆಕ್ಸಿಡೆಂಟ್ ಆಯ್ತಾ? ಇಲ್ಲ ತಾನೇ" ಅಂದರು ಬಸಮ್ಮ.

ಹುರಿ ಕತ್ತರಿಸಿ ಪ್ಲಗ್ ಹಾಕಿದ್ದೇ ತಡ, ಗಂಗಾಧರಯ್ಯನವರು ಕೂತಲ್ಲಿಂದಲೇ ಕಿಕ್ ಹೊಡೆದರು. ಡುಗು ಡುಗು ಡುಗು. ಸೈಲೆನ್ಸರಿನಿಂದ ಕೊಬ್ಬರಿ ಎಣ್ಣೆಯ ಹೊಗೆ ಎದ್ದು ಬೀದಿ ತುಂಬಿತು. ಮೂಲೆಮನೆಯಿಂದ ಯಾರೋ "ಬಸಮ್ಮಾ, ಏನ್ ಕರೀತಿದ್ದೀರಾ?" ಅಂತ ಕೂಗಿ ಕೇಳಿದರು. ಮಾವನವರ ಕಣ್ಣು ಒದ್ದೆಯಾಗಿತ್ತು; ಅದು ಹೊಗೆಗಲ್ಲ.

"ಆಫ್ ಮಾಡ್ಬೇಡಿ ಮಾವ, ಬಟ್ಟೆ ಬದಲಾಯಿಸ್ಕೊಂಡು ಬಂದೆ" ಅಂತ ಚನ್ನೇಶ ಬಚ್ಚಲಿಗೆ ಓಡಿದ. ಎಣ್ಣೆ ಕೈಗೆ ಸೋಪು ಹತ್ತಲೇ ಇಲ್ಲ. ತಿಕ್ಕುತ್ತಿದ್ದಾಗ ಡುಗು ಡುಗು ಸದ್ದು ದೂರ ದೂರ ಆಗುತ್ತಾ ಹೋಯಿತು.

"ಹನ್ನೊಂದಾಯ್ತಲ್ಲ" ಅಂದರು ಬಸಮ್ಮ. "ಬೀಗರು ಹೊರಟ್ರು, ಪುಷ್ಪ ಹಿಂದೆ ಕೂತ್ಲು. ನೀನು ಬಸ್ಸಿಗೆ ಬರ್ಬೇಕಂತೆ."

ಚನ್ನೇಶ ಬಸ್ಸಿನಲ್ಲಿ ನಿಂತುಕೊಂಡೇ ಬೇಲೂರು ಸೇರಿದಾಗ ಎರಡನೇ ಪಂಕ್ತಿ ಎದ್ದಿತ್ತು. ನೆಂಟರೆಲ್ಲ ಗಾಡಿ ಸುತ್ತ ನಿಂತಿದ್ದರು. ಗಂಗಾಧರಯ್ಯನವರು ಕಂಪ್ರೆಷನ್ ಅಂದರೆ ಏನು ಅಂತ ಪಾಠ ಹೇಳುತ್ತಿದ್ದರು. "ಗುಜರಿ ಅಳಿಯ ಬಸ್ಸಲ್ಲಿ ಬಂದ್ರು" ಅಂತ ಯಾರೋ ಅಂದರು.

ಊಟವಾದ ಮೇಲೆ ಮಾವ ಅವನ ಅಂಗೈಗೆ ಕೀ ಇಟ್ಟರು. "ನನ್ ಸೊಂಟ ತಡೀತಿಲ್ಲ. ವಾಪಸ್ ನೀವೇ ಓಡಿಸ್ಕೊಂಡು ಬನ್ನಿ."

ಚನ್ನೇಶ ಆ ಕ್ಷಣವೇ ಎಲ್ಲರನ್ನೂ ಕ್ಷಮಿಸಿದ. ಬರುವಾಗ ಅಲ್ಲದಿದ್ದರೆ ಹೋಗುವಾಗ. ನೆಂಟರು ಇನ್ನೂ ನಿಂತೇ ಇದ್ದರು. "ಪುಷ್ಪಾ, ಬಾ ಕೂತ್ಕೋ."

"ಬೇಡ ರೀ, ಬರೋವಾಗಲೇ ಬೆನ್ನು ಬಿದ್ದೋಯ್ತು. ನಾನು ಅಪ್ಪನ ಜೊತೆ ಬಸ್ಸಲ್ಲಿ ಬರ್ತೀನಿ."

"ಮತ್ತೆ ಜಾವಗಲ್‌ನಲ್ಲಿ ನಿಲ್ಲಿಸ್ಬೇಡಿ, ನೇರ ಅರಸೀಕೆರೆಗೆ ಬಂದ್ಬಿಡಿ" ಅಂದರು ಮಾವ. "ಗೋಡೌನಲ್ಲಿ ಗಾಡಿಗೆ ಜಾಗ ಮಾಡೋಕೆ ಫೋನ್ ಮಾಡಿದೀನಿ."

"ಮಾವ, ಇದನ್ನ ನಂಗೆ ಕೊಟ್ಟಿದ್ರಲ್ಲ."

"ನಾನು ಕೊಟ್ಟಿದ್ದು ಕಬ್ಬಿಣ ಅಳಿಯಂದ್ರೇ. ಓಡೋ ಗಾಡೀನ ಯಾರಾದ್ರೂ ಕೊಡ್ತಾರಾ?" ಅಳಿಯನ ಮುಖ ನೋಡಿ ಅವರಿಗೂ ಮನಸ್ಸು ತಡೆಯಲಿಲ್ಲ. ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದು, ದನಿ ತಗ್ಗಿಸಿದರು. "ನೀವು ಬರಿಗೈಲಿ ಹೋಗ್ಬೇಡಿ. ನಮ್ಮನೆ ಹಿತ್ತಲಲ್ಲಿ ನಮ್ಮಪ್ಪನ ಕಾಲದ ಜೀಪ್ ಐತೆ. ಅದಕ್ಕೆ ಎಂಜಿನ್ನೇ ಇಲ್ಲ, ಕಂಪ್ರೆಷನ್ ತಾಪತ್ರಯಾನೂ ಇಲ್ಲ."

ಆಗಲ್ಲ ಅನ್ನಬೇಕೆಂದೇ ಚನ್ನೇಶ ಬಾಯಿ ತೆರೆದ.

"ಚಕ್ರ ಎಷ್ಟಿವೆ ಮಾವ?" ಅಂತ ಕೇಳಿದ.