ರಾಕ್ಷಸನ ಊರು ಯಾವುದು?

ಯಾರಿಗಾದರೂ ಸುಲಭವಾಗಲಿ ಎಂದು ಏನನ್ನಾದರೂ ತಯಾರಿಸಿ ಕೊಟ್ಟರೆ, ಅವರು ಅದನ್ನು ನಾವು ನೆನೆಸದ ತುದಿಯಿಂದಲೇ ಹಿಡಿಯುತ್ತಾರೆ. ನನ್ನ ಮಟ್ಟಿಗೆ ಇದು ಒಮ್ಮೆಯೂ ತಪ್ಪಿಲ್ಲ. ಯಾಕೆ ಹೀಗೆ ಎಂಬ ಕುತೂಹಲವೂ ಇನ್ನೂ ತೀರಿಲ್ಲ.

ತೊಂಬತ್ತರ ದಶಕದ ಕೊನೆ. ಮೂಡುಬಿದಿರೆಯ ಮುದ್ರಣಾಲಯವೊಂದರಲ್ಲಿ ಮದುವೆ ಕಾಗದದ ಒಕ್ಕಣೆ ಬರೆಯುವುದು ನನ್ನ ಕೆಲಸ. ಬಂಟ್ವಾಳದ ಗೆಳೆಯನೊಬ್ಬ ಶಾರ್ಜಾದಿಂದ ರಜೆಯಲ್ಲಿ ಬರುವಾಗ ಒಂದು ಆಟದ ಪೆಟ್ಟಿಗೆ ತಂದ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಯೋಧ, ವೈದ್ಯ, ಕಳ್ಳ ಎಂದು ಒಂದೊಂದು ಪಾತ್ರ ಹಿಡಿದು, ತಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಯಾವ ಕೋಣೆಯಲ್ಲಿ ಏನುಂಟು ಎಂದು ಕಥೆ ನಡೆಸುವವನಿಗೆ ತಿಳಿಸಲು ಒಂದು ಪುಸ್ತಿಕೆ. ಅದು ಇಂಗ್ಲಿಷಿನಲ್ಲಿತ್ತು.

"ಕನ್ನಡದಲ್ಲಿ ಒಂದು ಬರೆದು ಕೊಡು ಮಾರಾಯ," ಎಂದ. "ಅಲ್ಲಿ ರೂಮಿನಲ್ಲಿ ಎಲ್ಲ ನಮ್ಮ ಕಡೆಯವರೇ. ಶುಕ್ರವಾರ ರಜೆ. ಮಲಗುವುದು, ಎದ್ದು ಗೋಡೆ ನೋಡುವುದು. ನನಗೆ ಕಥೆ ಹೇಳ್ಲಿಕ್ಕೆ ಬರುವುದಿಲ್ಲ. ಯಾರು ಓದಿದರೂ ಆಟ ನಡೆಯಬೇಕು."

ಅವನು ವಿಮಾನ ಹತ್ತುವುದರೊಳಗೆ ಮುಗಿಸಬೇಕಿತ್ತು. ಒಂದು ಕೋಟೆ, ಒಳಗೆ ನಿಧಿ, ಕಾವಲಿಗೆ ರಾಕ್ಷಸ. ಭಾನುವಾರಗಳಲ್ಲಿ ಟೈಲರ್ ಅಂಗಡಿಯಲ್ಲಿ ಪರೀಕ್ಷೆ. ಆಡುವವರು ಗೆಳೆಯ, ಟೈಲರ್ ಮತ್ತು ಬೆಳ್ತಂಗಡಿಯಿಂದ ಬರುತ್ತಿದ್ದ ಶಾಲೆಯ ಮಾಸ್ಟ್ರು.

ಹೋಗುವ

ಮೊದಲ ವಾರ ಕಥೆ ನಡೆಸಿದವನು ನಾನೇ. ಕೋಟೆಯ ಬಾಗಿಲು ತೆರೆದಿದೆ ಎಂದೆ.

"ಒಳಗೆ ಹೋಗುವ," ಎಂದ ಗೆಳೆಯ. ನಮ್ಮ ಕಡೆಯ 'ಹೋಗೋಣ' ಅದು.

"ಹೋಗುವ, ಹೋಗುವ," ಎಂದರು ಮಾಸ್ಟ್ರು.

"ಹೋಗುವ. ಅವಸರ ಎಂತ ಉಂಟು?" ಎಂದ ಟೈಲರ್.

ನಾನು ಪುಸ್ತಿಕೆಯಲ್ಲಿದ್ದಂತೆ ಓದಿದೆ: "ನೀವು ಒಳಗೆ ಕಾಲಿಟ್ಟಿರಿ. ಛಾವಣಿ ಕುಸಿಯಿತು."

ಮೂವರೂ ಒಟ್ಟಿಗೆ ಎದ್ದರು. "ಒಳಗೆ ಹೋದದ್ದು ಯಾರು?"

"ನೀವೇ ಹೋಗುವ ಅಂದಿರಲ್ಲ!"

"ಹೋಗುವ ಅಂದರೆ ಹೋದ ಹಾಗಾ?" ಎಂದರು ಮಾಸ್ಟ್ರು. "ನೆಂಟರ ಮನೆಯಲ್ಲಿ ಹೋಗುವ ಅಂದ ಮೇಲೆ ನೀವು ಎಷ್ಟು ಹೊತ್ತು ಕೂತುಕೊಳ್ತೀರಿ?"

ಅದು ನಿಜ. ಇಂಗ್ಲಿಷ್ ಪುಸ್ತಿಕೆಯಲ್ಲಿ ಇದಕ್ಕೆ ಪರಿಹಾರ ಇರಲಿಲ್ಲ. ನಾನೇ ಒಂದು ನಿಯಮ ಸೇರಿಸಿದೆ: 'ಹೋಗುವ' ಎಂಬುದು ಕೇವಲ ಅಭಿಪ್ರಾಯ. 'ಹೋದೆ' ಎಂದರೆ ಮಾತ್ರ ಛಾವಣಿ ಬೀಳತಕ್ಕದ್ದು.

ಆವರಣದೊಳಗಿನ ಗುಟ್ಟು

ಮುಂದಿನ ವಾರ ಪುಸ್ತಿಕೆಯನ್ನು ಮಾಸ್ಟ್ರ ಕೈಗೆ ಕೊಟ್ಟು ನಾನು ಸುಮ್ಮನೆ ಕೂತೆ. ಕಥೆ ನಡೆಸುವವನಿಗೆ ಮಾತ್ರ ಗೊತ್ತಿರಬೇಕಾದ್ದನ್ನು ಆವರಣ ಚಿಹ್ನೆಯೊಳಗೆ ಹಾಕಿದ್ದೆ. ಮಾಸ್ಟ್ರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದರು:

"ಕತ್ತಲೆಯ ಕೋಣೆ. ಮೂಲೆಯಲ್ಲಿ ಒಂದು ಕಪಾಟು. ಆವರಣ ಆರಂಭ. ಆಟಗಾರರಿಗೆ ತಿಳಿಸಬಾರದು. ಕಪಾಟಿನ ಹಿಂದೆ ಗುಪ್ತದ್ವಾರ ಉಂಟು. ಆವರಣ ಮುಕ್ತಾಯ."

"ಕಪಾಟು ಸರಿಸಿದೆ," ಎಂದ ಟೈಲರ್.

"ಮಾಸ್ಟ್ರೇ, ಅದು ಗುಟ್ಟು!" ಎಂದೆ ನಾನು.

"ತಿಳಿಸಬಾರದು ಅಂತಲೂ ಓದಿದೆನಲ್ಲ. ಇವರು ಕೇಳಿಸಿಕೊಳ್ತಾರೆ ಅಂತ ನನಗೇನು ಗೊತ್ತು? ಶಾಲೆಯಲ್ಲಿ ನಾನು ಓದುವಾಗ ಯಾರೂ ಕೇಳುವುದಿಲ್ಲ."

ಸೇತುವೆಯ ಆಚೆ

ಕೊನೆಯ ಪರೀಕ್ಷೆ ಗೆಳೆಯನದು. ಶಾರ್ಜಾದಲ್ಲಿ ನಡೆಸಬೇಕಾದವನು ಅವನೇ ತಾನೇ. ನಿಧಿಯ ಬಾಗಿಲಲ್ಲಿ ಅವನು ರಾಕ್ಷಸನಾಗಿ ಗರ್ಜಿಸಿದ: "ಯಾರದು? ಒಂದು ಹೆಜ್ಜೆ ಇಟ್ಟರೆ ತಿಂದುಬಿಡ್ತೇನೆ!"

ಇಲ್ಲಿ ಕತ್ತಿ ಹೊರಬರಬೇಕೆಂದು ನಾನು ಬರೆದಿದ್ದೆ.

"ತಿನ್ನುವುದು ಮತ್ತೆ ಆಗಲಿ," ಎಂದ ಟೈಲರ್. "ನಿಮಗೆ ಊರು ಎಲ್ಲಿ ಆಯ್ತು?"

ಗೆಳೆಯ ಪುಸ್ತಿಕೆಯಲ್ಲಿ ಹುಡುಕಿದ. ರಾಕ್ಷಸನ ಊರು ಅದರಲ್ಲಿ ಇರಲಿಲ್ಲ. "ವೇಣೂರು," ಎಂದುಬಿಟ್ಟ.

"ವೇಣೂರಿನಲ್ಲಿ ಎಲ್ಲಿ? ಸೇತುವೆಯ ಈಚೆಯಾ, ಆಚೆಯಾ?"

"ಆಚೆ."

"ಹಾಗಾದರೆ ನನ್ನ ಭಾವನ ಅಂಗಡಿಗೆ ಬರುವವರೇ ನೀವು!"

ರಾಕ್ಷಸ ಬಾಗಿಲು ಬಿಟ್ಟು ಸರಿದು, ಬಾಯಾರಿಕೆಗೆ ಏನಾಗಬೇಕು ಎಂದು ಕೇಳಿದ. ದಾಳ ಅಲುಗಲೇ ಇಲ್ಲ.

"ಯಾಕೆ ಬಿಟ್ಟೆ?" ಎಂದು ಗೆಳೆಯನನ್ನು ಕೇಳಿದೆ.

"ಭಾವನ ಗುರ್ತ ಹೇಳಿದ ಮೇಲೆ ತಿನ್ನುವುದು ಹೇಗೆ ಮಾರಾಯ? ನಾಳೆ ಬಸ್ಸಿನಲ್ಲಿ ಸಿಗಬೇಕಲ್ಲ."

ರಾಕ್ಷಸನ ಊರನ್ನು ಘಟ್ಟದ ಮೇಲಕ್ಕೆ ವರ್ಗಾಯಿಸಿದೆ. ಟೈಲರನ ಷಡ್ಡಕ ಅಲ್ಲಿದ್ದ.

ಶುಕ್ರವಾರ

ರಜೆ ಮುಗಿಯಿತು. ಗೆಳೆಯ ಪುಸ್ತಿಕೆ ಹಿಡಿದುಕೊಂಡು ಹೋದ. ನಾನಿಲ್ಲದೆ ಅದು ನಡೆಯುತ್ತದೆಯೋ, ಅವರು ಪುನಃ ಗೋಡೆ ನೋಡುತ್ತಾರೆಯೋ ಎಂಬ ಯೋಚನೆಯಲ್ಲಿ ಒಂದು ಮದುವೆ ಕಾಗದದಲ್ಲಿ ವರನ ಹೆಸರನ್ನೇ ಬಿಟ್ಟೆ. ಶನಿವಾರ ಮುದ್ರಣಾಲಯಕ್ಕೆ ಫೋನ್ ಬಂತು.

"ನಡೆಯಿತಾ?"

"ಭರ್ಜರಿ! ಊಟ ಆಗಿ ಕೂತವರು ಮಸೀದಿಯ ಸಂಜೆಯ ಬಾಂಗ್ ತನಕ ಎದ್ದಿಲ್ಲ."

"ನಿಧಿ ಸಿಕ್ಕಿತಾ?"

"ನಿಧಿಯಾ? ಕೋಟೆಗೆ ಯಾರೂ ಹೋಗ್ಲೇ ಇಲ್ಲ."

"ಮತ್ತೆ ಅಷ್ಟು ಹೊತ್ತು ಎಲ್ಲಿದ್ದಿರಿ?"

"ಮೊದಲ ಪುಟದಲ್ಲಿ."

ಮೊದಲ ಪುಟದಲ್ಲಿ ನಾನು ಬರೆದದ್ದು ಇಷ್ಟೇ: ನೀವು ಊರಿನ ಮನೆಯಲ್ಲಿದ್ದೀರಿ. ಬೆಳಗಾಗಿದೆ. ತಾಯಿ ಗಂಜಿ ಬಡಿಸಿದ್ದಾರೆ. ಉಂಡು ಕೋಟೆಗೆ ಹೊರಡಿರಿ.

"ಉಂಡರು. ಹೊರಡ್ಲಿಲ್ಲ," ಎಂದ ಗೆಳೆಯ. "ಯೋಧ ಹೊಳೆಗೆ ಸ್ನಾನಕ್ಕೆ ಹೋದ. ವೈದ್ಯ ಬೆಳುವಾಯಿಗೆ, ಅಕ್ಕನ ಮನೆಗೆ. ಕಳ್ಳ ಚಾವಡಿಯಲ್ಲಿ ಮಲಗಿದ, ಏಳಿಸಿದರೆ ಬೈತಾನೆ. ಊರಿಗೆ ಮುಟ್ಟಿದವರನ್ನು ಪುನಃ ಹೊರಡಿಸುವುದು ಹೇಗೆ ಮಾರಾಯ?"

"ಹಾಗಾದರೆ ದಾಳ ಬೇಕಾಗಲೇ ಇಲ್ಲವಾ?"

"ಬೇಕಾಯ್ತು! ದೊಡ್ಡ ಗಲಾಟೆಯೇ ಆಯ್ತು, ಕೈ ಕೈ ಮಿಲಾಯಿಸ್ಲಿಕ್ಕೆ ಬಾಕಿ. ತಪ್ಪು ನಿನ್ನದೇ. ಯಾರು ಓದಿದರೂ ಅರ್ಥ ಆಗುವ ಹಾಗೆ ಬರೆ ಅಂತ ಹೇಳಿದ್ದೆನಲ್ಲ?"

"ಎಲ್ಲಿ ಅರ್ಥ ಆಗ್ಲಿಲ್ಲ?"

"ಗಂಜಿ ಅಂತ ಬರೆದು ಬಿಟ್ಟಿದ್ದೀ. ಅದಕ್ಕೆ ಮೀನು ಬಂಗುಡೆಯಾ ಬೂತಾಯಿಯಾ ಅಂತ ಬರೆಯುವುದು ಬೇಡವಾ?"